ಏಳು ಚಂದ್ರರಲ್ಲಿ ಐದನೆಯದು

ಜೋಳದ ತೆನೆಗೆ ಹಾಲು ತುಂಬಿ, ಕಾಳು ಇನ್ನೂ ಹಲ್ಲಿಗೆ ಮೆತ್ತಗಿರುವ ದಿನಗಳವು. ಈ ಹೊತ್ತಿಗೆ ಗುಬ್ಬಿಗಳಿಗೆ ಯಾರು ಸುದ್ದಿ ಮುಟ್ಟಿಸುತ್ತಾರೋ, ಬೆಳಗ್ಗೆ ಒಂದು ದಂಡು, ಹೊತ್ತು ಇಳಿಯುವಾಗ ಇನ್ನೊಂದು ದಂಡು ಬಂದು, ಕರೆಯದೆ ಬಂದ ನೆಂಟರ ಹಾಗೆ ತೆನೆ ತೆನೆಯ ಮೇಲೂ ಕೂತು, ತಿಂದಷ್ಟು ತಿಂದು ಮಿಕ್ಕಿದ್ದನ್ನು ಉದುರಿಸಿ ಹೋಗುತ್ತವೆ. ಹಿಂದೆ ಜನ ಕವಣೆ ಬೀಸುತ್ತಿದ್ದರು, ತಗಡು ಬಡಿಯುತ್ತಿದ್ದರು. ಈಚೆಗೆ ಆ ಊರಿನಲ್ಲಿ ಬೇರೆ ಉಪಾಯ ಬಂದಿತ್ತು. ಹಳೆಯ ವಿಡಿಯೋ ಕ್ಯಾಸೆಟ್ ಒಡೆದು, ಒಳಗಿನ ಕಪ್ಪು ಟೇಪನ್ನು ಹೊಲದ ಈ ಗೂಟದಿಂದ ಆ ಗೂಟಕ್ಕೆ ಎಳೆದು ಕಟ್ಟುವುದು. ಬಿಸಿಲಿಗೆ ಅದು ಮಿಂಚುತ್ತದೆ, ಗಾಳಿಗೆ ಗುಂಯ್ ಎಂದು ಹಾಡುತ್ತದೆ. ಗುಬ್ಬಿಗಳು ಹತ್ತಿರ ಸುಳಿಯುವುದಿಲ್ಲ. ಹೀಗಾಗಿ ಊರಿನವರು ಒಂದು ಕಾಲದಲ್ಲಿ ಕಣ್ಣು ಕೆಂಪಗಾಗುವ ತನಕ ನೋಡಿದ ಸಿನಿಮಾಗಳೆಲ್ಲ, ಅಳಿಸಿದವು, ನಗಿಸಿದವು, ಹೆದರಿಸಿದವು, ಒಂದೊಂದಾಗಿ ಜೋಳ ಕಾಯುವ ಕೆಲಸಕ್ಕೆ ಸೇರಿಕೊಂಡಿದ್ದವು.

ಇದಕ್ಕಾಗಿ ಇಡೀ ಊರಿನಲ್ಲಿ ಹೊಟ್ಟೆ ಉರಿದುಕೊಳ್ಳುತ್ತಿದ್ದವನು ಹಿಟ್ಟಿನ ಗಿರಣಿಯವನೊಬ್ಬನೇ. ಹುಬ್ಬಿನಿಂದ ಹೆಬ್ಬೆರಳಿನ ತನಕ ಸದಾ ಹಿಟ್ಟು ಮೆತ್ತಿಕೊಂಡು, ಇನ್ನೇನು ಬಾಣಲೆಗೆ ಬಿಡಲು ಹೊರಳಿಸಿಟ್ಟ ಮೀನಿನ ಹಾಗೆ ಕಾಣುತ್ತಿದ್ದ ಅವನನ್ನು ಜನ ಹಿಟ್ಟಣ್ಣ ಎಂದೇ ಕರೆಯುತ್ತಿದ್ದರು. ಹೆಂಡತಿ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು.

ಹಿಟ್ಟಣ್ಣನಿಗೆ ಜೀವನದಲ್ಲಿ ಇದ್ದ ಹುಚ್ಚು ಒಂದೇ, 'ಏಳು ಚಂದ್ರರ ದಂಡಯಾತ್ರೆ'. ಬಾಹ್ಯಾಕಾಶದಲ್ಲಿ ನಡೆಯುವ ಸಿನಿಮಾ. ಒಟ್ಟು ಏಳು ಭಾಗ, ಭಾಗಕ್ಕೊಂದು ಕ್ಯಾಸೆಟ್. ಅದರಲ್ಲಿ ಆರನ್ನು ಅವನು ಆರು ಕಡೆಯಿಂದ ಕೂಡಿಹಾಕಿದ್ದ. ಒಂದನ್ನು ದೂರದ ಪೇಟೆಯ ಕ್ಷೌರಿಕನಿಂದ, ಮೂರು ಸಲ ತಲೆ ಬೋಳಿಸಿಕೊಂಡು ಸ್ನೇಹ ಬೆಳೆಸಿ ತಂದಿದ್ದ. ಇನ್ನೊಂದನ್ನು ತರಲು ಹೋಗಿ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತು, ಗಟ್ಟಿ ಹಲ್ಲೊಂದನ್ನು ಕಳೆದುಕೊಂಡಿದ್ದ. ಆರನ್ನೂ ಬಟ್ಟೆಯಲ್ಲಿ ಸುತ್ತಿ, ಹಿಟ್ಟಿನ ಧೂಳು ಹೋಗದಂತೆ ಬಿಸ್ಕತ್ತಿನ ಡಬ್ಬದಲ್ಲಿ ಮಲಗಿಸಿ, ಅದರ ಮುಚ್ಚಳಕ್ಕೆ ಮೇಣ ಮೆತ್ತಿ ಇಡುತ್ತಿದ್ದ. ನಮ್ಮ ಮಕ್ಕಳನ್ನೂ ಇಷ್ಟು ಚೆನ್ನಾಗಿ ಹೊದಿಸಿದ್ದಿಲ್ಲ ಎಂದು ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಇಲ್ಲದಿದ್ದದ್ದು ಐದನೆಯ ಭಾಗ. ಬರೀ ಇಲ್ಲದಿದ್ದರೆ ಹೇಗೋ ಸಹಿಸಬಹುದಿತ್ತು. ನಾಲ್ಕನೆಯ ಭಾಗದ ಕೊನೆಯಲ್ಲಿ ಕಪ್ತಾನನೂ ಹಸಿರು ಗ್ರಹದ ರಾಣಿಯೂ ಒಬ್ಬರ ಹಣೆಗೆ ಒಬ್ಬರು ಬಂದೂಕು ಹಿಡಿದು ನಿಂತಿರುತ್ತಾರೆ. ಆರನೆಯ ಭಾಗ ಶುರುವಾದರೆ ಇಬ್ಬರೂ ಒಂದೇ ಹಡಗಿನಲ್ಲಿದ್ದಾರೆ, ಕಂಕುಳಲ್ಲಿ ಕೂಸಿದೆ, ಅದಕ್ಕೆ ಸ್ನಾನ ಮಾಡಿಸುವ ಸರದಿ ಯಾರದು ಎಂದು ಜಗಳವಾಡುತ್ತಿದ್ದಾರೆ. ನಡುವೆ ಏನಾಯಿತು? ಈ ಪ್ರಶ್ನೆ ಹಿಟ್ಟಣ್ಣನನ್ನು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನಂತೆ ವರ್ಷಗಟ್ಟಲೆ ಕಾಡಿತ್ತು. ಗಿರಣಿಗೆ ಬಂದವರಿಗೆಲ್ಲ ಅವನು ಇದನ್ನು ಹೇಳಿ ಹೇಳಿ, ಒಂದೂ ಭಾಗ ನೋಡದ ಮುದುಕಿಯರಿಗೂ ಆ ಸಂಸಾರದ ಮೇಲೆ ಕಾಳಜಿ ಹುಟ್ಟಿತ್ತು. ಎದುರು ಅಂಗಡಿಯ ದರ್ಜಿಯದು ಮಾತ್ರ ಒಂದೇ ತೀರ್ಮಾನ. ನಡುವೆ ಮದುವೆ ಆಗಿದೆ, ಅಷ್ಟೇ, ಅದಕ್ಕೆ ಕ್ಯಾಸೆಟ್ ಯಾಕೆ ಬೇಕು ಎನ್ನುತ್ತಿದ್ದ. ಬಂದೂಕು ಹಿಡಿದವರು ಹಾಗೆಲ್ಲ ಮದುವೆಯಾಗುವುದಿಲ್ಲ ಎಂದು ಹಿಟ್ಟಣ್ಣ ವಾದಿಸಿದರೆ, ಆದ ಮೇಲೆ ಹಿಡಿಯುವುದಕ್ಕಿಂತ ಅದು ಎಷ್ಟೋ ವಾಸಿ ಎಂದು ದರ್ಜಿ ದಾರ ಕಡಿಯುತ್ತಿದ್ದ.

ಐದನೆಯ ಭಾಗ ಒಮ್ಮೆ ಹಿಟ್ಟಣ್ಣನ ಕೈಗೆ ಬಂದೇ ಹೋಗಿತ್ತು ಎಂಬುದು ಇನ್ನೂ ದೊಡ್ಡ ಸಂಕಟ. ಅವನ ಅಕ್ಕನ ಮದುವೆಯಾದ ಹೊಸತು. ಮದುವೆಯ ಕ್ಯಾಸೆಟ್ ತಯಾರಾಗಿ ಬಂದ ದಿನ, ಊರಿನ ಒಂದೇ ವಿಡಿಯೋ ಅಂಗಡಿಯಿಂದ ಸಂಜೆಯ ತನಕ ಬಾಡಿಗೆಗೆ ಪ್ಲೇಯರ್ ತಂದಿದ್ದರು. ಮೀಸೆ ಚಿಗುರುತ್ತಿದ್ದ ಹಿಟ್ಟಣ್ಣ ಅದರ ಜೊತೆಗೆ ಐದನೆಯ ಭಾಗವನ್ನೂ ಎತ್ತಿಕೊಂಡು ಬಂದಿದ್ದ. ನೆಂಟರೆಲ್ಲ ಮದುವೆ ನೋಡಿ ಮುಗಿಸಿ, ಅವನು ಸಿನಿಮಾ ಹಾಕಿ ಕಪ್ತಾನನ ಮೂಗು ತೆರೆಯ ಮೇಲೆ ಮೂಡುತ್ತಿದ್ದಂತೆ ಕರೆಂಟು ಹೋಯಿತು. ಮಬ್ಬಾಗುವ ತನಕ ಕಾದರು, ಬರಲಿಲ್ಲ. ಒಂದು ಗಳಿಗೆ ಬಂದಂತೆ ಮಾಡಿ, ಪ್ಲೇಯರ್ ಕ್ಯಾಸೆಟ್ಟನ್ನು ಹೊರಕ್ಕೆ ಉಗುಳುತ್ತಿದ್ದಂತೆ ಮತ್ತೆ ಹೋಯಿತು. ಕೊನೆಗೆ ಹಿಟ್ಟಣ್ಣ ಕತ್ತಲಲ್ಲಿ ತಡಕಾಡಿ ಎಲ್ಲವನ್ನೂ ಡಬ್ಬಿಗೆ ತುಂಬಿ, ಸೈಕಲ್ಲಿಗೆ ಬಿಗಿದು, ಅತ್ತುಕೊಂಡೇ ವಾಪಸ್ ಕೊಟ್ಟು ಬಂದಿದ್ದ. ಅದೇ ವಾರ ಮನೆಮನೆಗೆ ಕೇಬಲ್ ಟಿವಿಯ ತಂತಿ ಬಂತು, ವಿಡಿಯೋ ಅಂಗಡಿ ಮುಚ್ಚಿತು. ಅಂಗಡಿಯವನು ಜೋಳ ಬೆಳೆಯಲು ಹೋದ. ಜನ ಮಾತ್ರ ಈಗಲೂ ಅವನನ್ನು ಕ್ಯಾಸೆಟ್ ಯಜಮಾನ ಎನ್ನುವುದನ್ನು ಬಿಟ್ಟಿರಲಿಲ್ಲ. ಐದನೆಯ ಭಾಗ ಕೇಳಿದಾಗಲೆಲ್ಲ ಅವನು, ಎಲ್ಲ ಮಾರಿ ಕೈ ತೊಳೆದುಕೊಂಡೆ ಎಂದು ಕೈ ತೊಳೆಯುವಂತೆ ಮಾಡಿ ತೋರಿಸುತ್ತಿದ್ದ.

ಈಗ ಹಿಟ್ಟಣ್ಣನದೇ ಒಂದು ಪ್ಲೇಯರ್ ಇತ್ತು. ಒಳಗಿನ ರಬ್ಬರು ಸವೆದು, ದರ್ಜಿ ಕೊಟ್ಟ ಚಡ್ಡಿಯ ಎಲಾಸ್ಟಿಕ್ಕಿನ ಮೇಲೆ ಓಡುತ್ತಿತ್ತು. ರಿಪೇರಿಯವನು ಬಿಚ್ಚಿ ನೋಡಿ, ಕಾಯಿಲೆಯವರ ಮನೆಯಿಂದ ಹೊರಬರುವ ಡಾಕ್ಟರ ಮುಖ ಮಾಡಿಕೊಂಡು, ಇನ್ನೊಂದೆರಡು ಸಿನಿಮಾ ತಡೆದರೆ ಹೆಚ್ಚು ಎಂದಿದ್ದ. ಅಂದಿನಿಂದ ಹಿಟ್ಟಣ್ಣ ಅದಕ್ಕೆ ಕಂಬಳಿ ಹೊದಿಸಿಟ್ಟ. ಅದರ ಉಳಿದ ಆಯಸ್ಸು ಐದನೆಯ ಭಾಗಕ್ಕೆ ಮೀಸಲು.

ಪಕ್ಕದ ಮನೆಯಲ್ಲೇ ಸಂಸಾರ ಹೂಡಿದ್ದ ಅವನ ಅಕ್ಕ ಕೇಳದ ದಿನವಿರಲಿಲ್ಲ. "ಒಂದೇ ಸಲ ನನ್ನ ಮದುವೆ ಕ್ಯಾಸೆಟ್ ಹಾಕೋ. ಅಜ್ಜಿ ಕೋಲು ಬಿಸಾಕಿ ಕುಣಿದಿದ್ದು ಅದರಲ್ಲಿದೆ. ಇನ್ನೊಂದ್ಸಲ ನೋಡ್ಬೇಕು ಅನ್ಸುತ್ತೆ ಕಣೋ."

"ಮಷೀನು ತಡೆಯಲ್ಲ ಅಕ್ಕ," ಎಂದು ಹಿಟ್ಟಣ್ಣ ಕಂಬಳಿಯನ್ನು ಇನ್ನಷ್ಟು ಎಳೆದು ಮುಚ್ಚುತ್ತಿದ್ದ.

ಇದರಲ್ಲಿ ಅವನಿಗೆ ಭಾವನ ಬೆಂಬಲವೂ ಇತ್ತು. ಭಾವ ಗೋದಾಮಿನ ರಾತ್ರಿ ಕಾವಲುಗಾರ. ಮದುವೆಯ ದಿನವೂ ರಾತ್ರಿ ಪಾಳಿ ಮುಗಿಸಿ ನೇರ ಬಂದವನು, ಎಲ್ಲರ ನಡುವೆ ಮದುಮಗನ ಕುರ್ಚಿಯಲ್ಲೇ ಬಾಯಿ ತೆರೆದು ನಿದ್ದೆ ಹೋಗಿದ್ದ. ಕ್ಯಾಮರಾದವನು ಬೇರೆ ಕೆಲಸವಿಲ್ಲದವನಂತೆ ಆ ಬಾಯಿಯನ್ನೇ ಹತ್ತಿರದಿಂದ ತೆಗೆದಿದ್ದ. ಅದು ತೆರೆಯ ಮೇಲೆ ಬಂದರೆ ಊರಿಗೆಲ್ಲ ಆರು ತಿಂಗಳ ನಗುವಿಗೆ ದಾರಿಯಾಗುತ್ತದೆ ಎಂದು ಭಾವನಿಗೆ ಗೊತ್ತಿತ್ತು.

ಆ ದಿನ ಬೆಳಗ್ಗೆ ಗಿರಣಿ ಗಡಗಡ ಎನ್ನುತ್ತಿತ್ತು. ಹಿಟ್ಟಣ್ಣ ಮೂಟೆ ಸುರಿಯುತ್ತಿದ್ದ. ದರ್ಜಿ ಕತ್ತಿನಲ್ಲಿ ಅಳತೆಯ ಪಟ್ಟಿ ಹಾರಿಸಿಕೊಂಡು ಓಡಿ ಬಂದು, ಗಿರಣಿಯ ಸದ್ದಿನ ಮೇಲೆ ಕೂಗಿ ಸುದ್ದಿ ಹೇಳಿದ. ಕ್ಯಾಸೆಟ್ ಯಜಮಾನನ ಹೊಲಕ್ಕೆ ಗುಬ್ಬಿ ಬಿದ್ದಿದೆ. ಅಟ್ಟದಲ್ಲಿ ನೇಗಿಲ ಸಾಮಾನಿನ ಹಿಂದೆ ಮರೆತುಹೋಗಿದ್ದ ಟ್ರಂಕು ಸಿಕ್ಕಿದೆ. ಅದರಲ್ಲಿದ್ದ ಕ್ಯಾಸೆಟ್ಟನ್ನೆಲ್ಲ ಒಡೆದೊಡೆದು ಕಟ್ಟುತ್ತಿದ್ದಾನೆ. "ಡಬ್ಬಿ ಮೇಲೆ ಏಳು ಚಂದ್ರ ಬರೆದಿತ್ತಪ್ಪ. ಎಣಿಸಿ ಬಂದಿದ್ದೀನಿ. ಪಕ್ಕದಲ್ಲಿ ಐದು ಅಂತ ಇತ್ತು."

ಹಿಟ್ಟಣ್ಣ ಮೂಟೆಯನ್ನು ಗಾಳಿಯಲ್ಲೇ ಬಿಟ್ಟ. ಪಾಳಿ ಮುಗಿಸಿ ಮನೆಗೆ ಹೋಗುತ್ತಿದ್ದ ಭಾವನನ್ನು ಬೀದಿಯಿಂದ ಎಳೆದು ತಂದು ಗಿರಣಿಯ ಮುಂದೆ ಕೂರಿಸಿ, ಕಾಳು ಮುಗಿಯದಂತೆ ನೋಡಿಕೋ ಎಂದು ಹೇಳಿ, ಮೈಯಿಂದ ಬಿಳಿ ಹೊಗೆ ಬಿಡುತ್ತ ಓಡಿದ.

ಕ್ಯಾಸೆಟ್ ಯಜಮಾನ ಬದುವಿನ ಮೇಲೆ ಕಲ್ಲಿನಿಂದ ಒಂದು ಕ್ಯಾಸೆಟ್ ಜಜ್ಜುತ್ತಿದ್ದ. ಪಕ್ಕದಲ್ಲಿ ಉಳಿದಿದ್ದದ್ದು ಒಂದೇ ಡಬ್ಬಿ. ಹಿಟ್ಟಣ್ಣ ಅದರ ಮೇಲೆ ಅಡ್ಡಬಿದ್ದ. ಯಜಮಾನ ಒಳ್ಳೆಯ ಮನುಷ್ಯನೇ, ಆದರೆ ಅವನ ಹೊಲದ ಪೂರ್ವದ ಮೂಲೆ ಟೇಪಿಲ್ಲದೆ ಇನ್ನೂ ಬೋಳಾಗಿತ್ತು, ಗುಬ್ಬಿಗಳು ಅಲ್ಲಿ ಊಟಕ್ಕೆ ಕೂತಾಗಿತ್ತು. ಡಬ್ಬಿಯನ್ನು ಹಿಟ್ಟಣ್ಣನ ಹೊಟ್ಟೆಯ ಕೆಳಗಿನಿಂದ ಎಳೆದುಕೊಂಡು ಹೇಳಿದ:

"ನೀನು ವಾಪಸ್ ತಂದುಕೊಟ್ಟೆಯಲ್ಲ, ಆಮೇಲೆ ಇದನ್ನ ಯಾರೂ ಮುಟ್ಟೇ ಇಲ್ಲ. ಹೊಸದರ ಹಾಗಿದೆ. ಹೊತ್ತು ಇಳಿಯೋ ಮುಂಚೆ ಇಷ್ಟೇ ಉದ್ದದ ಟೇಪು ತಂದುಕೊಡು, ಇದನ್ನ ತೊಗೊಂಡು ಹೋಗು. ಸಂಜೆ ದಂಡು ಬಂತೂ ಅಂದ್ರೆ ನಾನು ಸುಮ್ಮನಿರೋಕಾಗಲ್ಲ ನೋಡು."

ಕೇಳಲು ಸುಲಭವಿತ್ತು. ಆದರೆ ಊರಿನ ಕ್ಯಾಸೆಟ್ಟುಗಳೆಲ್ಲ ಆಗಲೇ ಹೊಲಗಳಲ್ಲಿದ್ದವು. ಹಿಟ್ಟಣ್ಣ ಮನೆಮನೆ ಬಾಗಿಲು ಬಡಿದ. ಬಾಗಿಲು ತೆರೆದವರೆಲ್ಲ ಹೊಲದ ಕಡೆ ಬೆರಳು ತೋರಿಸಿದರು. ದರ್ಜಿ ತಾನಾಗಿ ಮುಂದೆ ಬಂದು, ಅಂಗಡಿಯಲ್ಲಿ ಹಾಡು ಕೇಳುತ್ತಿದ್ದ ಆಡಿಯೋ ಕ್ಯಾಸೆಟ್ಟುಗಳನ್ನು ಕೊಟ್ಟ. ಅವುಗಳ ಟೇಪು ತೀರ ಸಣ್ಣದು. ಅದನ್ನು ಕಟ್ಟಿ ಈಚೆಗೆ ಬರುವಷ್ಟರಲ್ಲಿ ಗುಬ್ಬಿಗಳು ಅದರ ಮೇಲೆ ಸಾಲಾಗಿ ಕೂತು ಉಯ್ಯಾಲೆ ಆಡತೊಡಗಿದವು. ದರ್ಜಿ ಆಮೇಲೆ ಮಿರುಗುವ ಜರಿಪಟ್ಟಿ ತಂದ. ಗುಬ್ಬಿಗಳು ಅದನ್ನು ನೂಲು ನೂಲಾಗಿ ಕಿತ್ತು ಗೂಡಿಗೆ ಒಯ್ದವು. ಮದುವೆ ಸೀಸನ್ ಇರಬೇಕು ಅವಕ್ಕೆ ಎಂದು ದರ್ಜಿ ಮೆಚ್ಚಿಕೊಂಡ.

ಕೊನೆಗೆ ಹಿಟ್ಟಣ್ಣ, ಟೇಪು ಯಾಕೆ, ನಾನೇ ನಿಂತು ಕಾಯುತ್ತೇನೆ ಎಂದು ಯಜಮಾನನಿಗೆ ಹೇಳಿ, ಎರಡು ಕೈ ಚಾಚಿ ಹೊಲದ ಮೂಲೆಯಲ್ಲಿ ನಿಂತ. ಗುಬ್ಬಿಗಳು ಮೊದಲು ಕೊಂಚ ಹಿಂಜರಿದವು. ಒಂದು ಧೈರ್ಯಸ್ಥ ಗುಬ್ಬಿ ಹತ್ತಿರ ಬಂದು ಭುಜದ ಮೇಲೆ ಕೂತು ಅಂಗಿಯನ್ನು ಕುಕ್ಕಿ ನೋಡಿತು. ಒಳ್ಳೆಯ ನುಣ್ಣನೆಯ ಹಿಟ್ಟು. ಅದು ಏನು ಕೂಗಿತೋ, ಹೊಲದಲ್ಲಿದ್ದವೆಲ್ಲ ಜೋಳ ಬಿಟ್ಟು ಹಿಟ್ಟಣ್ಣನ ಮೇಲೆ ಇಳಿದವು. ಕಾಳು ಕುಟ್ಟುವ ಕಷ್ಟ ತಪ್ಪಿತಲ್ಲ. ಯಜಮಾನ ಬದುವಿನ ಮೇಲೆ ಹೊಟ್ಟೆ ಹಿಡಿದು ಕೂತುಬಿಟ್ಟ. ಹಿಟ್ಟಣ್ಣ ಮೈಯೆಲ್ಲ ರೆಕ್ಕೆ ಬಡಿಸಿಕೊಳ್ಳುತ್ತ ಗಿರಣಿಯ ತನಕ ಓಡಿದ್ದನ್ನು ನೋಡಿದವರು, ಅವನು ಹಾರಿಯೇ ಹೋದ ಎಂದು ಆಮೇಲೆ ಬಹಳ ದಿನ ಹೇಳಿದರು.

ಗಿರಣಿಯಲ್ಲಿ ಭಾವ ಮೂಟೆಯ ಮೇಲೆ ನಿದ್ದೆ ಹೋಗಿದ್ದ. ಕಾಳು ಮುಗಿದು ಕಲ್ಲಿಗೆ ಕಲ್ಲು ಉಜ್ಜಿ ಸುಟ್ಟ ವಾಸನೆ ಬರುತ್ತಿತ್ತು. ಹೆಂಡತಿ ಬಂದು ಗಿರಣಿ ನಿಲ್ಲಿಸಿ, ಗಂಡನ ಮುಖವನ್ನೊಮ್ಮೆ ನೋಡಿ ಹೋದಳು. ಹಿಟ್ಟಣ್ಣ ಭಾವನ ಪಕ್ಕದಲ್ಲಿ ಕುಸಿದು ಕೂತು, ತನ್ನಷ್ಟಕ್ಕೆ ತಾನು ಗೋಳು ಹೇಳಿಕೊಂಡ. ಒಂದೇ ಒಂದು ವಿಡಿಯೋ ಕ್ಯಾಸೆಟ್ ಸಿಕ್ಕಿದ್ದರೆ ಸಾಕಿತ್ತು ಎನ್ನುವಷ್ಟರಲ್ಲಿ, ಗುಡುಗಿಗೂ ಏಳದ ಭಾವ ಕಣ್ಣು ಬಿಟ್ಟ.

"ನಮ್ಮನೇಲಿ ಒಂದಿದೆಯಲ್ಲ," ಎಂದ. "ಬೀರುವಿನ ಮೇಲೆ."

"ಅಕ್ಕನ ಮದುವೇದಾ? ಬೇಡಪ್ಪ ಭಾವ. ಅಜ್ಜಿ ಇದ್ದಾಳೆ ಅದರಲ್ಲಿ."

"ಎಲ್ಲಿ ಅಜ್ಜಿ? ಬೂಷ್ಟು ಹಿಡಿದು ಹಾಳಾಗಿದೆ. ನಾನೇ ಬಿಸಿಲಿಗೆ ಹಿಡಿದು ನೋಡಿದ್ದೀನಿ, ಏನೂ ಕಾಣ್ಸಲ್ಲ. ನಿಮ್ಮಕ್ಕ ಸುಮ್ಮನೆ ಆಸೆ ಇಟ್ಕೊಂಡಿದ್ದಾಳೆ."

ಎಂಥ ಹೊಸ ಟೇಪನ್ನು ಬಿಸಿಲಿಗೆ ಹಿಡಿದರೂ ಏನೂ ಕಾಣುವುದಿಲ್ಲ ಎಂಬುದು ಹಿಟ್ಟಣ್ಣನಿಗೆ ಗೊತ್ತಿಲ್ಲದ ಮಾತಲ್ಲ. ಆದರೆ ಕಣ್ಣ ಮುಂದೆ ರಾಣಿ ಬಂದೂಕು ಹಿಡಿದು ನಿಂತಿದ್ದಳು, ಹೊತ್ತು ಇಳಿಯುತ್ತಿತ್ತು. ಅವನು ಅಷ್ಟೇ ಬೇಗ ನಂಬಿಬಿಟ್ಟ. ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ, ತನ್ನ ಮನೆಗೆ ತಾನೇ ಕಳ್ಳನಾಗಿ ಹೋದ ಭಾವ, ಕ್ಯಾಸೆಟ್ಟನ್ನು ಅಂಗಿಯೊಳಗೆ ಸೇರಿಸಿಕೊಂಡು ತಂದುಕೊಟ್ಟ. ಅಷ್ಟು ಚುರುಕಾಗಿ ಅವನು ನಡೆದದ್ದನ್ನು ಹಿಟ್ಟಣ್ಣ ಎಂದೂ ನೋಡಿರಲಿಲ್ಲ.

ಸಂಜೆಯ ದಂಡು ದೂರದ ಮರಗಳ ಮೇಲೆ ಕಾಣಿಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಹಿಟ್ಟಣ್ಣ ಹೊಲ ಮುಟ್ಟಿದ. ಯಜಮಾನ ಮಾತಿಗೆ ತಪ್ಪಲಿಲ್ಲ. ಈ ಕೈಯಿಂದ ತೆಗೆದುಕೊಂಡ, ಆ ಕೈಯಿಂದ ಡಬ್ಬಿ ಕೊಟ್ಟ. ಹಿಟ್ಟಣ್ಣನಿಗೆ ಖುಷಿ ತಡೆಯದಾಯಿತು. ಯಜಮಾನನಿಗೆ ಒಬ್ಬನಿಗೇ ಕಷ್ಟವಾಗುತ್ತದೆ ಎಂದು ಅವನೇ ಟೇಪಿನ ತುದಿ ಹಿಡಿದು ಹೊಲದ ಉದ್ದಕ್ಕೆ ಓಡಿದ, ಗೂಟಕ್ಕೆ ಸುತ್ತಿದ, ಹಲ್ಲಿನಿಂದ ಕಡಿದ, ಗಂಟು ಬಿಗಿದ. ಸಡಿಲವಾಗಿದ್ದ ಕಡೆ ಮತ್ತೆ ಎಳೆದು ಕಟ್ಟಿದ. ದಂಡು ಬಂತು. ಮೂಲೆಯ ಮೇಲೆ ಒಂದು ಸುತ್ತು ಹಾಕಿ, ಮಿಂಚಿದ್ದು ನೋಡಿ, ಹಾಗೇ ಪಕ್ಕದ ಹೊಲಕ್ಕೆ ತಿರುಗಿತು.

"ಒಳ್ಳೇ ಟೇಪು ಕಣಪ್ಪ," ಎಂದು ಯಜಮಾನ ತಲೆದೂಗಿದ.

ಹಿಟ್ಟಣ್ಣ ಮನೆಗೆ ಬರುವ ಮುಂಚೆಯೇ ದರ್ಜಿ ಸುದ್ದಿ ಮುಟ್ಟಿಸಿ, ಒಳ್ಳೆಯ ಜಾಗ ನೋಡಿ ಕೂತಿದ್ದ. ಹಿಟ್ಟಿಗೆ ಬಂದವರು ಚೀಲದ ಮೇಲೆ ಕೂತರು. ವರ್ಷಗಟ್ಟಲೆ ಕೇಳಿ ಕೇಳಿ ಬೇಸತ್ತಿದ್ದ ಮುದುಕಿಯರೂ, ಅದೇನಾಯಿತೋ ನೋಡಿಯೇ ಬಿಡೋಣ ಎಂದು ಬಂದರು. ಭಾವ ಗೋಡೆಗೆ ಒರಗಿ, ಎಷ್ಟೋ ವರ್ಷದ ಭಾರ ಇಳಿದವನಂತೆ ಕಾಲು ಚಾಚಿದ. ಹೆಂಡತಿ ಬಾಗಿಲಲ್ಲಿ ಕೈ ಕಟ್ಟಿ ನಿಂತಳು. ಹಿಟ್ಟಣ್ಣ ಮುಖ ತೊಳೆದು, ಕಂಬಳಿ ತೆಗೆದು, ಡಬ್ಬಿಯಿಂದ ಕ್ಯಾಸೆಟ್ಟನ್ನು ಎರಡು ಕೈಯಿಂದ ಎತ್ತಿದ. ಅದರ ಮೈಮೇಲೆ ಹೆಸರಿರಲಿಲ್ಲ. ಆ ಅಂಗಡಿಯ ಪದ್ಧತಿಯೇ ಹಾಗಿತ್ತು, ಹೆಸರು ಡಬ್ಬಿಗೆ ಮಾತ್ರ. ಪ್ಲೇಯರ್ ಅದನ್ನು ನುಂಗಿ, ಒಮ್ಮೆ ಕೆಮ್ಮಿ, ತಿರುಗತೊಡಗಿತು.

ತೆರೆಯ ಮೇಲೆ ಬಿಳಿ ಚುಕ್ಕೆಗಳು ಕುಣಿದವು.

"ನಕ್ಷತ್ರ," ಎಂದು ದರ್ಜಿ ಎಲ್ಲರಿಗೂ ವಿವರಿಸಿದ.

ಆಮೇಲೆ ಮಂಜಿನಂಥದ್ದೇನೋ ಹಾದುಹೋಯಿತು. ಮಂಜಿನ ನಡುವೆ ದೀಪಗಳ ಸಾಲು ಕಂಡಿತು, ಹೂವು ಕಂಡಿತು, ಸಿಂಗಾರ ಮಾಡಿಕೊಂಡ ಹೆಂಗಸಿನ ಬೆನ್ನು ಕಂಡಿತು. ದರ್ಜಿ ತೊಡೆ ತಟ್ಟಿಕೊಂಡ. "ಮದುವೆ ಅಂತ ಹೇಳಿರಲಿಲ್ವಾ ನಾನು? ಎಷ್ಟು ವರ್ಷದಿಂದ ಹೇಳ್ತಾ ಇದ್ದೀನಿ."

ಹಾಗಾದರೆ ರಾಣಿ ಒಪ್ಪಿದಳು. ಬಂದೂಕು ಇಳಿಸಿದಳು. ಹಿಟ್ಟಣ್ಣ ತೆರೆಗೆ ಮೂಗು ತಾಗಿಸುವಷ್ಟು ಹತ್ತಿರ ಸರಿದ.

ರಾಣಿ ತಿರುಗಿದಳು. ನೋಡಿದರೆ ಅವನ ಅಕ್ಕ.

ಹಿಂದೆಯೇ ಮದುಮಗನ ಕುರ್ಚಿ ಬಂತು. ಅದರಲ್ಲಿ ಬಾಯಿ. ಬಾಯಿ ಹತ್ತಿರ ಹತ್ತಿರ ಬಂದು ಇಡೀ ತೆರೆಯನ್ನು ತುಂಬಿತು. ಬಾಹ್ಯಾಕಾಶದ ಗುಹೆಯೇ ಇರಬೇಕೆಂದು ಒಬ್ಬಳು ಮುದುಕಿ ಹೆದರಿ ಕಣ್ಣು ಮುಚ್ಚಿಕೊಂಡಳು. ಅದು ಗೊರಕೆ ಹೊಡೆದ ಮೇಲೆ ಎಲ್ಲರಿಗೂ ಗುರುತು ಸಿಕ್ಕಿತು. ಕೋಣೆಯಲ್ಲಿದ್ದವರೆಲ್ಲ ಗೋಡೆಯ ಕಡೆ ತಿರುಗಿದರು. ಭಾವ ಜೀವಮಾನದಲ್ಲೇ ಎಂದೂ ಅಷ್ಟು ಎಚ್ಚರವಾಗಿದ್ದಿಲ್ಲ.

ಬಾಗಿಲಲ್ಲಿ ಗದ್ದಲವಾಯಿತು. ಬೀರುವಿನ ಮೇಲೆ ಧೂಳಿನಲ್ಲಿ ಚೌಕದ ಗುರುತು ಮಾತ್ರ ಉಳಿದದ್ದನ್ನು ನೋಡಿ, ದರ್ಜಿಯಿಂದ ಉಳಿದದ್ದನ್ನು ಕೇಳಿ ತಿಳಿದು, ಅಕ್ಕ ನೇರ ಹೊಲಕ್ಕೆ ಹೋಗಿ, ಜಜ್ಜಿದ ಕ್ಯಾಸೆಟ್ಟಿನ ಚಿಪ್ಪನ್ನೂ ಸಾಕ್ಷಿಗೆ ಯಜಮಾನನನ್ನೂ ಎಳೆದುಕೊಂಡು ಬಂದಿದ್ದಳು. "ನನ್ನ ಮದುವೇನ ಗುಬ್ಬಿ ಓಡಿಸೋಕೆ ಕಟ್ಟಿದ್ಯಲ್ಲೋ ಪಾಪಿ," ಎಂದು ಒಳಗೆ ಕಾಲಿಟ್ಟವಳು ಹಾಗೇ ನಿಂತಳು. ತೆರೆಯ ಮೇಲೆ ಅಜ್ಜಿ ಕೋಲು ಬಿಸಾಕುತ್ತಿದ್ದಳು.

ಅಜ್ಜಿ ಕುಣಿದಳು. ಬೊಚ್ಚು ಬಾಯಿ ತೆರೆದು, ಸೊಂಟಕ್ಕೆ ಕೈ ಇಟ್ಟು, ಪಕ್ಕದಲ್ಲಿ ತಟ್ಟೆ ಹಿಡಿದು ತಿನ್ನುತ್ತಿದ್ದ ಎಳೆ ಮೀಸೆಯ ಹಿಟ್ಟಣ್ಣನ ಕಿವಿ ಹಿಡಿದು ಅವನನ್ನೂ ಕುಣಿಸಿದಳು. ಚೀಲದ ಮೇಲೆ ಕೂತವರು ಚಪ್ಪಾಳೆ ತಟ್ಟಿದರು. ಅಕ್ಕ ಕೈಯಲ್ಲಿದ್ದ ಚಿಪ್ಪನ್ನು ಮರೆತು ನೆಲಕ್ಕೆ ಕೂತು, ನಗುತ್ತ ಕಣ್ಣು ಒರೆಸಿಕೊಂಡಳು. ಹಿಟ್ಟಣ್ಣನ ಹೆಂಡತಿ ಬೆಳಗಿನಿಂದ ಮೊದಲ ಸಲ ನಕ್ಕಳು.

ನಗದೆ ಉಳಿದವನು ಹಿಟ್ಟಣ್ಣ. ಕರೆಂಟು ಹೋದ ಆ ಸಂಜೆ, ಕತ್ತಲಲ್ಲಿ ತಡಕಾಡಿದ ಎರಡು ಬೋಳು ಕ್ಯಾಸೆಟ್ಟು, ಎರಡು ಡಬ್ಬಿ ಅವನ ಕಣ್ಣ ಮುಂದೆ ನಿಧಾನವಾಗಿ ಬಂದು ನಿಂತವು. ಮದುವೆ ಐದನೆಯ ಭಾಗದ ಡಬ್ಬಿಯಲ್ಲಿದ್ದರೆ, ಐದನೆಯ ಭಾಗ ಮದುವೆಯ ಡಬ್ಬಿಯಲ್ಲಿತ್ತು. ಗೋಡೆಯಾಚೆ, ಅಕ್ಕನ ಬೀರುವಿನ ಮೇಲೆ, ಇಷ್ಟು ವರ್ಷ. ಒಂದೇ ಸಲ ಹಾಕೋ ಎಂದು ಅವಳು ಕೇಳಿದಾಗಲೆಲ್ಲ ಕೇಳಿದ್ದು ಅದನ್ನೇ.

"ಅಕ್ಕ," ಎಂದ ಅವನು, ಬಾವಿಯೊಳಗಿನಿಂದ ಮಾತಾಡಿದಂತೆ. "ಹೊಲದಲ್ಲಿರೋದು ನಿನ್ನ ಮದುವೆ ಅಲ್ಲ."

ಅಕ್ಕ ಕೇಳಿಸಿಕೊಳ್ಳಲಿಲ್ಲ. ಅಜ್ಜಿಯನ್ನು ಇನ್ನೊಮ್ಮೆ ಹಾಕು ಎಂದಳು. ಹೆಂಡತಿ ತಾನೇ ಬಂದು ಹಿಂದಕ್ಕೆ ತಿರುಗಿಸಿದಳು. ಅಜ್ಜಿ ಮತ್ತೆ ಕುಣಿದಳು. ಮೂರನೆಯ ಸಲ ತಿರುಗಿಸುವಾಗ ಒಳಗೆ ಎಲಾಸ್ಟಿಕ್ಕು ಪಟ್ ಎಂದಿತು, ಸುಟ್ಟ ವಾಸನೆ ಬಂತು, ತೆರೆ ಕಪ್ಪಾಯಿತು. ಚಡ್ಡಿಗಾಗಿದ್ದರೆ ಇನ್ನೂ ಎರಡು ವರ್ಷ ಬರುತ್ತಿತ್ತು ಎಂದು ದರ್ಜಿ ತನ್ನ ಮಾಲಿನ ಮಾನ ಕಾಪಾಡಿಕೊಂಡ. ಅಕ್ಕ ಮದುವೆಯನ್ನು ಎದೆಗೆ ಒತ್ತಿಕೊಂಡು, ಭಾವನನ್ನು ಕಣ್ಣಿನಿಂದಲೇ ಎಬ್ಬಿಸಿಕೊಂಡು ಮನೆಗೆ ಹೋದಳು.

ಹಿಟ್ಟಣ್ಣ ಹೊಲಕ್ಕೆ ಹೋದಾಗ ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. ಪೂರ್ವದ ಮೂಲೆಯ ತುಂಬ ಟೇಪು ಮಿನುಗುತ್ತಿತ್ತು. ಅವನೇ ಕಡಿದ ತುಂಡುಗಳು, ಅವನೇ ಬಿಗಿದ ಗಂಟುಗಳು, ಒಂದೊಂದೂ ಬಿಚ್ಚಲಾಗದಷ್ಟು ಗಟ್ಟಿ. ಒಂದು ತುಂಡನ್ನು ಕಣ್ಣಿಗೆ ಹಿಡಿದು ನೋಡಿದ. ಅದರಲ್ಲಿ ಅವನದೇ ಮೂಗು ಕಂಡಿತು. ಹಿಂದೆ ಬಂದ ಯಜಮಾನ ಪಕ್ಕದಲ್ಲಿ ನಿಂತು, ಬೆರಳು ಮಡಿಸಿ ಲೆಕ್ಕ ಹಾಕಿ, ಒಳ್ಳೆಯ ವ್ಯಾಪಾರಿಯ ನೆಮ್ಮದಿಯಿಂದ ಹೇಳಿದ:

"ಹಂಗಾದ್ರೆ ನೀನು ಅವತ್ತು ಬಾಡಿಗೆಗೆ ಒಯ್ದ ಐದನೇ ಭಾಗ ಇವತ್ತು ವಾಪಸ್ ಬಂತು ಅನ್ನು. ತಡವಾಯ್ತು, ಆದ್ರೂ ತಂದುಕೊಟ್ಯಲ್ಲ. ನಿಂದೂ ನಂದೂ ಲೆಕ್ಕ ಮುಗೀತು."

ಗಾಳಿ ಎದ್ದಿತು. ಐದನೆಯ ಭಾಗ ಈ ಗೂಟದಿಂದ ಆ ಗೂಟಕ್ಕೆ ಗುಂಯ್ ಎಂದು ಹಾಡತೊಡಗಿತು. ಹಿಟ್ಟಣ್ಣ ಬದುವಿನ ಮೇಲೆ ಕೂತು, ತಲೆ ವಾಲಿಸಿ, ಕತ್ತಲಾಗುವ ತನಕ ಕಿವಿಗೊಟ್ಟು ಕೇಳಿದ. ಒಂದು ಮಾತೂ ತಿಳಿಯಲಿಲ್ಲ.